ನಗಿಸಿ ಸಾಯಿಸೋ ಪಿಚ್ಚರ್

ನಮ್ಮ ಮನೆಯಲ್ಲಿ ಸಿನಿಮಾಗಳಿಗೆ ಮೂರೇ ಜಾತಿ. ಹೊಡೆದಾಡೋ ಪಿಚ್ಚರ್, ದೇವರ ಪಿಚ್ಚರ್, ನಗಿಸಿ ಸಾಯಿಸೋ ಪಿಚ್ಚರ್. ಈ ಮೂರನೆಯ ಹೆಸರು ಇಟ್ಟವಳು ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ಹುಡುಗ ಹುಡುಗಿ ಮೊದಲರ್ಧ ಕಿತ್ತಾಡಿಕೊಂಡು, ನಮ್ಮನ್ನೆಲ್ಲ ನಗಿಸಿ, ಪ್ರೀತಿಯಲ್ಲಿ ಬೀಳುತ್ತಾರೆ. ಇಂಟರ್‌ವಲ್ ಹೊತ್ತಿಗೆ ಇಬ್ಬರಲ್ಲಿ ಒಬ್ಬರಿಗೆ ವಾಸಿಯಾಗದ ಕಾಯಿಲೆ ಇದೆ ಎಂದು ಗೊತ್ತಾಗುತ್ತದೆ. ಕೊನೆಯಲ್ಲಿ ಆ ಒಬ್ಬರು ಸಾಯುತ್ತಾರೆ. ಕನ್ನಡ, ತಮಿಳು, ತೆಲುಗು, ಹಿಂದಿ ಯಾವುದಾದರೂ ಅವಳಿಗೆ ನಡೆಯುತ್ತಿತ್ತು. "ಕೆಮ್ಮುದ್ರೆ ಸಾಯ್ತಾಳೆ ಅಂತ ತಿಳ್ಕಳಕ್ಕೆ ಭಾಷೆ ಯಾಕಕ್ಕ ಬೇಕು?" ಎನ್ನುತ್ತಿದ್ದಳು.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕಂಪಲಾಪುರಕ್ಕೆ ಹತ್ತಿರದ ಹಳ್ಳಿ. ಹೊಗೆಸೊಪ್ಪು ಬೆಳೆಯುವವರು. ನಾನು ಬೆಳಿಗ್ಗೆ ಅಂಗನವಾಡಿ ಟೀಚರು, ಶ್ರಾವಣದಿಂದ ದೀಪಾವಳಿಯವರೆಗೆ ಮಧ್ಯಾಹ್ನದ ಮೇಲೆ ಸೊಪ್ಪು ಕಟ್ಟುವವಳು. ಗಂಡಸರು ಹೊಲದಲ್ಲಿ ಮುರಿದು ತಂದು ಸುರಿದ ಹಸಿ ಎಲೆಯನ್ನು ನಾವು ಹೆಂಗಸರು ಬ್ಯಾರನ್ ಪಕ್ಕದ ಶೆಡ್ಡಿನಲ್ಲಿ ಕೂತು ಉದ್ದನೆಯ ಕಡ್ಡಿಗಳಿಗೆ ದಾರ ಸುತ್ತಿ ಕಟ್ಟುತ್ತೇವೆ. ಆ ಕಡ್ಡಿಗಳನ್ನು ಬ್ಯಾರನ್ ಒಳಗೆ ಸಾಲಾಗಿ ತೂಗುಹಾಕಿ, ಬೆಂಕಿಯ ಕಾವು ಕೊಟ್ಟು ಹದ ಮಾಡುತ್ತಾರೆ. ಕೆಲಸ ಕಷ್ಟವೇನಲ್ಲ, ಬೇಜಾರು. ಬೇಜಾರಿಗೆ ಮದ್ದೆಂದು ಅವಳು ಒಂದು ಬಕೆಟ್ಟನ್ನು ತಲೆಕೆಳಗು ಮಾಡಿಟ್ಟು, ಅದರ ಮೇಲೆ ಚೊಂಬಿಗೆ ಒರಗಿಸಿ ಮೊಬೈಲ್ ನಿಲ್ಲಿಸುತ್ತಿದ್ದಳು.

ಹಸಿ ಸೊಪ್ಪಿನ ಅಂಟು ಎಂಥದ್ದೆಂದು ಕಟ್ಟಿದವರಿಗೇ ಗೊತ್ತು. ಹತ್ತು ಕಡ್ಡಿ ಮುಗಿಯುವಷ್ಟರಲ್ಲಿ ಎರಡೂ ಅಂಗೈ ಟಾರು ಮೆತ್ತಿದ ಹಾಗೆ ಕಪ್ಪಾಗುತ್ತವೆ. ಹುಣಿಸೆಹಣ್ಣು ಹಾಕಿ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಒಮ್ಮೆ ಸಿನಿಮಾ ಹಚ್ಚಿದರೆ ಮುಗಿಯಿತು, ಯಾರೂ ಮೊಬೈಲು ಮುಟ್ಟುತ್ತಿರಲಿಲ್ಲ. ನಡುವೆ ಬರುವ ಜಾಹೀರಾತುಗಳನ್ನೂ, ಕೊನೆಯಲ್ಲಿ ಲೈಟ್ ಹಿಡಿದವರ ಹೆಸರುಗಳನ್ನೂ ಬಿಡದೆ ನೋಡಿದ್ದೇವೆ. ಅವಳು ಅಳುವಾಗ ಕಣ್ಣೊರೆಸಿಕೊಳ್ಳಲು ಆಗದೆ ಭುಜಕ್ಕೆ ಮುಖ ತಿಕ್ಕಿಕೊಳ್ಳುತ್ತಿದ್ದಳು. ಅದನ್ನು ನೋಡಿ ನಮಗೆ ನಗು.

ನನಗೆ ಈ ಸಿನಿಮಾಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆ ಹುಡುಗಿಯರಿಗೆ ಕ್ಯಾನ್ಸರ್ ಬಂದರೂ ಕಾಡಿಗೆ ಅಳಿಸುವುದಿಲ್ಲ. ಮೂಗಿನಿಂದ ಒಂದೇ ಒಂದು ತೊಟ್ಟು ರಕ್ತ, ಅದೂ ಬಿಳಿ ಕರ್ಚೀಫಿನ ಮೇಲೆ ಸರಿಯಾಗಿ ನಡುವೆ. ವಾಂತಿ ಮಾಡುವುದಿಲ್ಲ, ಭೇದಿಯಾಗುವುದಿಲ್ಲ, ಮಲಗಿ ಮಲಗಿ ಬೆನ್ನು ಹುಣ್ಣಾಗುವುದಿಲ್ಲ. ಸಾಯುವ ಹಿಂದಿನ ದಿನ ಮಳೆಯಲ್ಲಿ ಕುಣಿಯುತ್ತಾಳೆ. ನಾನು ಹೀಗೆಲ್ಲ ಬೈಯುತ್ತಿದ್ದರೆ ಅವಳು ದಾರವನ್ನು ಹಲ್ಲಲ್ಲಿ ಕಡಿದು ನಗುತ್ತಿದ್ದಳು.

"ನಿಜ ತೋರ್ಸಕ್ಕೆ ಪಿಚ್ಚರ್ ಯಾಕಕ್ಕ? ಅದು ಮನೇಲೇ ಇರ್ತದೆ ಬುಡು. ಸಾಯೋಳು ಒಂದಷ್ಟು ದಿನ ನಕ್ಕೊಂಡಿರ್ಲಿ."

"ನಗ್ಲಿ. ಕೊನೇಗೆ ಬದುಕ್ಲಿ ಅಂತೀನಿ ನಾನು. ಇಷ್ಟು ನಗಿಸ್ಬುಟ್ಟು ಸಾಯಿಸೋದು ಯಾವ ಸೀಮೆ ನ್ಯಾಯ?"

"ಬದುಕಿದ್ರೆ ನೆನಪಲ್ಲಿ ಇರಾಕಿಲ್ಲ ಕಣಕ್ಕ. ಬದುಕಿರೋ ನನ್ ಗಂಡನ್ನ ಯಾರು ನೆನಸ್ಕತಾರೆ?"

ಶೆಡ್ಡಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅವಳು ಕೆ.ಆರ್. ನಗರದ ಕಡೆಯ ನೀರಾವರಿ ಹಳ್ಳಿಯಿಂದ ಬಂದವಳು. ನಮ್ಮೂರಿನ ಕೆಮ್ಮಣ್ಣು ನೋಡಿ ಮದುವೆಯಾದ ಹೊಸದರಲ್ಲಿ ಮೂಗು ಮುರಿದಿದ್ದಳು. "ನಾವು ನೀರು ಕಂಡೋರು" ಎಂದು ಜಂಬ. "ನಿಮ್ಮೂರಲ್ಲಿ ಕಪ್ಪೆಗೂ ನೆಗಡಿ ಬತ್ತದೆ" ಎಂದು ನಾನು. ಹದಿನೇಳು ವರ್ಷ ಹೀಗೆ ಒಬ್ಬರ ಕಾಲನ್ನೊಬ್ಬರು ಎಳೆದುಕೊಂಡೇ ಒಂದೇ ಒಲೆಯ ಮುಂದೆ ಬಾಳಿದೆವು. ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಇಬ್ಬರೂ ಅವಳ ಸೊಂಟದ ಮೇಲೆ ಬೆಳೆದವರು. ಒಡಹುಟ್ಟಿದ ತಂಗಿ ನನಗಿಲ್ಲ, ಇದ್ದಿದ್ದರೂ ಅವಳಿಗಿಂತ ಹೆಚ್ಚಾಗುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆಯಿಂದಲೇ ಅವಳು ಅನ್ನ ಸೇರುವುದಿಲ್ಲ ಎನ್ನುತ್ತಿದ್ದಳು. ಗ್ಯಾಸು ಅಂದುಕೊಂಡೆವು. ಜೀರಿಗೆ ನೀರು, ಸೋಂಪಿನ ನೀರು ಎಲ್ಲ ಆಯಿತು. ಆಷಾಢ ಹುಟ್ಟುವ ಹೊತ್ತಿಗೆ ಕಣ್ಣು ಹಳದಿಯಾದವು. ಹುಣಸೂರಿನಲ್ಲಿ ಸ್ಕ್ಯಾನ್ ಮಾಡಿದವರು ಏನೂ ಹೇಳದೆ ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನ ಡಾಕ್ಟರು ಮತ್ತೆ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಮ್ಮ ಮೂವರನ್ನು ಒಳಗೆ ಕರೆದರು: ನನ್ನ ಗಂಡ, ನನ್ನ ಮೈದುನ, ನಾನು. ಮೇದೋಜೀರಕದಲ್ಲಿ ಕ್ಯಾನ್ಸರ್ ಎಂದರು. ಲಿವರಿಗೂ ಹರಡಿದೆ, ಆಪರೇಷನ್ನಿಗೆ ಬರುವುದಿಲ್ಲ, ಕೆಲವು ತಿಂಗಳು ಎಂದರು. ಮೈದುನ ಗೋಡೆಗೆ ತಗುಲಿಹಾಕಿದ್ದ ಚಿತ್ರವನ್ನೇ ನೋಡುತ್ತ ನಿಂತಿದ್ದ. "ಅವರಿಗೆ ನಾನು ಹೇಳಲಾ, ನೀವು ಹೇಳುತ್ತೀರಾ?" ಎಂದು ಡಾಕ್ಟರು ಕೇಳಿದರು. "ಬೇಡಿ ಸಾರ್, ಯಾರೂ ಏಳದು ಬೇಡಿ" ಎಂದವಳು ನಾನೇ. ಅವರಿಬ್ಬರು ಆಮೇಲೆ ತಲೆಯಾಡಿಸಿದರು.

ನಮ್ಮ ಕಡೆ ರೋಗಿಗೆ ರೋಗದ ಹೆಸರು ಹೇಳುವ ಪದ್ಧತಿ ಇಲ್ಲ. ಮನೆಯವರಿಗೆ ಹೇಳುತ್ತಾರೆ, ನೆಂಟರಿಗೆ ಹೇಳುತ್ತಾರೆ, ಹಾಲಿನ ಡೈರಿಯ ಮುಂದೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ಚಾಪೆಯ ಮೇಲೆ ಮಲಗಿದವರೊಬ್ಬರಿಗೆ ಮಾತ್ರ ಗೊತ್ತಾಗಕೂಡದು. ಗೊತ್ತಾದರೆ ಎದೆಯೊಡೆದು ಮೊದಲೇ ಹೋಗಿಬಿಡುತ್ತಾರೆ ಎಂದು ನಂಬಿಕೆ. ನನ್ನ ಮಾವನಿಗೂ ಹೀಗೇ ಮಾಡಿದ್ದೆವು. ಅದು ಪ್ರೀತಿ ಎಂದೇ ನಾನು ತಿಳಿದಿದ್ದೆ.

ಹೊರಗೆ ಬಂದಾಗ ಅವಳು ಮೂಸಂಬಿ ಜ್ಯೂಸಿನ ಲೋಟ ಹಿಡಿದು ಕೂತಿದ್ದಳು. "ಏನಂತೆ?" ಎಂದಳು. "ಕರುಳಲ್ಲಿ ಹುಣ್ಣಂತೆ ಕಣಮ್ಮಿ, ಅಲ್ಸರ್ರು. ಕಾರ ತಿಂದೂ ತಿಂದೂ ಮಾಡ್ಕಂಡಿದ್ದೀಯ" ಎಂದು ಗದರಿದೆ. ಗದರಿದರೆ ನಂಬುತ್ತಾಳೆ ಎಂಬ ಲೆಕ್ಕ ನನ್ನದು. ಅವಳು ಮೂರು ಜನರ ಮುಖವನ್ನೂ ಒಂದೊಂದಾಗಿ ನೋಡಿ, "ಸದ್ಯ" ಎಂದಳು.

ಅವತ್ತಿನಿಂದ ನಾನು ಆ ಸುಳ್ಳಿಗೆ ಕಾವಲು. ಆಸ್ಪತ್ರೆಯ ಫೈಲನ್ನು ಅಂಗನವಾಡಿಯ ಬೀರುವಿನಲ್ಲಿ ರಿಜಿಸ್ಟರುಗಳ ಕೆಳಗೆ ಬಚ್ಚಿಟ್ಟೆ. ಅದೇ ಬೀರುವಿನ ಮುಂದೆ ನಿಂತು ಬೆಳಿಗ್ಗೆ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಹಾಡು ಹೇಳಿಕೊಡುತ್ತಿದ್ದೆ. ನೋಡಲು ಬರುವವರನ್ನೆಲ್ಲ ಕೊಟ್ಟಿಗೆಯ ಹತ್ತಿರವೇ ತಡೆದು ಪಾಠ ಮಾಡುತ್ತಿದ್ದೆ: ಅಳಬಾರದು, ಕೈ ಹಿಡಿದುಕೊಳ್ಳಬಾರದು, ದೇವರಿದ್ದಾನೆ ಎನ್ನಬಾರದು. ಒಂದು ದಿನ ಅವಳ ಸೋದರತ್ತೆ ಅವಳನ್ನು ನೋಡಿದ ಕೂಡಲೇ ಗೊಳೋ ಎಂದು ಅತ್ತುಬಿಟ್ಟಿತು. ನಾನು ಥಟ್ಟನೆ, "ಅವ್ರ ಹಸ ಸತ್ತೋಗ್ಬುಡ್ತಂತೆ, ಪಾಪ" ಎಂದೆ. ನನ್ನ ಓರಗಿತ್ತಿ ಬಹಳ ಹೊತ್ತು ಆ ಮುದುಕಿಯ ಬೆನ್ನು ಸವರಿ, ಹಸುವಿನ ವಿಚಾರ ಕೇಳಿದಳು. ಎಷ್ಟನೇ ಸೂಲು, ಏನು ಬಣ್ಣ, ಎಷ್ಟು ಹಾಲು ಕೊಡುತ್ತಿತ್ತು. ಮುದುಕಿ ಇಲ್ಲದ ಹಸುವಿನ ಬಣ್ಣ ಹೇಳಲಾಗದೆ ನನ್ನ ಮುಖ ನೋಡಿತು.

ಮೈದುನ ಎಚ್.ಡಿ. ಕೋಟೆಯ ಕಾಡಂಚಿನಿಂದ ಯಾವುದೋ ಬೇರು ತಂದ. ಕುದಿಸಿ ಕೊಟ್ಟರೆ ಅವಳು ಕಹಿಗೆ ಮುಖ ಕಿವಿಚಿ, "ಅಲ್ಸರಿಗೆ ಅಷ್ಟು ದೂರದ ಬೇರು ಯಾಕಂತೆ? ನಮ್ಮೂರಲ್ಲಿ ಗಿಡ ಇಲ್ವಾ?" ಎಂದಳು. "ಬಾಯ್ಮುಚ್ಕಂಡು ಕುಡಿ" ಎಂದೆ. ಕುಡಿದಳು.

ಆ ಸಿನಿಮಾಗಳಲ್ಲಿ ಒಂದು ವಿಷಯ ಇರುತ್ತದೆ, ಅದು ನನಗೆ ತಡವಾಗಿ ಹೊಳೆಯಿತು. ಇಂಟರ್‌ವಲ್ ಆದ ಮೇಲೆ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಹುಡುಗ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾನೆ, ಕೇಳಿದ್ದು ತಿನ್ನಿಸುತ್ತಾನೆ, ಜಗಳವಾಡಿದ ಅಪ್ಪನನ್ನು ಕರೆತರುತ್ತಾನೆ. ನಮ್ಮ ಮನೆಯಲ್ಲಿ ಅವಳಿಗೆ ಗೊತ್ತಾಗಬಾರದಾಗಿತ್ತು. ಹಾಗಾಗಿ ಅವಳು ಕೇಳಿದ ಯಾವುದನ್ನೂ ಕೊಡುವಂತಿರಲಿಲ್ಲ. ಕೊಟ್ಟರೆ ಕೊನೆಯ ಆಸೆ ತೀರಿಸುತ್ತಿದ್ದೇವೆ ಎಂದು ಅನುಮಾನ ಬರುತ್ತದಲ್ಲ! ಹಲಸಿನ ಹಣ್ಣು ಕೇಳಿದಳು. ವಾಸಿಯಾದ ಮೇಲೆ. ನಾಟಿ ಕೋಳಿ ಸಾರು, ಮುದ್ದೆ. ವಾಸಿಯಾದ ಮೇಲೆ. ನನ್ನ ಮಗಳ ಪೆಟ್ಟಿಗೆಯಲ್ಲಿದ್ದ ಬಳೆ ಹಾಕಿಕೊಂಡು ನೋಡುತ್ತೇನೆ ಎಂದಳು. ಕೈ ತುಂಬಿಕೊಳ್ಳಲಿ, ವಾಸಿಯಾದ ಮೇಲೆ.

ಆಷಾಢ ಮುಗಿಯಲು ಇನ್ನೂ ವಾರವಿತ್ತು. ಜಗಲಿಯ ಮೇಲೆ ಕೂತಿದ್ದವಳು ಮೋಡ ನೋಡುತ್ತ ತನ್ನ ತವರಿನ ಕಡೆಯ ಕಾವೇರಿ ಜಲಪಾತದ ಮಾತೆತ್ತಿದಳು.

"ಅಕ್ಕ, ಚುಂಚನಕಟ್ಟೇಲಿ ನೀರು ದುಮ್ಮುಕ್ಕುತಾ ಅದಂತೆ. ಒಂದಿನ ಓಗ್ಬರವಾ?"

"ಈ ಮಳೇಲಿ? ಈ ಮೈಯಿಟ್ಕಂಡು?"

"ಕಾರಲ್ಲಿ ಓಗದು. ನಾನು ಕೆಳಕ್ಕೆ ಇಳಿಯಾಕಿಲ್ಲ. ದೂರದಿಂದ ನೋಡ್ಕಂಡು ಬರವಾ."

"ನೀರಲ್ಲಿ ನೋಡೋದೇನಿದ್ದದು? ಹುಟ್ಟಿದಾಗಿಂದ ನೋಡಿಲ್ವಾ? ವಾಸಿಯಾಗ್ಲಿ, ಮುಂದಿನ ಆಸಾಢಕ್ಕೆ ಎಲ್ರೂ ಓಗವಾ."

"ಮುಂದಿನ ಆಸಾಢಕ್ಕಾ?" ಎಂದಳು. ನಾನು ಮೈದುನನಿಗೆ ಈ ಮಾತನ್ನು ಹೇಳಲೂ ಇಲ್ಲ. ಹೇಳಿದ್ದರೆ ಅವನು ಅವತ್ತೇ ಕಾರು ತರಿಸುತ್ತಿದ್ದ, ಗುಟ್ಟು ರಟ್ಟಾಗುತ್ತಿತ್ತು. ಅವನಿಗೆ ಮುಖದಲ್ಲಿ ಏನನ್ನೂ ಮುಚ್ಚಿಡಲು ಬರುವುದಿಲ್ಲ.

ಶ್ರಾವಣದಲ್ಲಿ ಸೊಪ್ಪು ಮುರಿಯುವುದು ಶುರುವಾಯಿತು. ಅವಳಿಗೆ ಕಟ್ಟಲು ಆಗುತ್ತಿರಲಿಲ್ಲ. ಆದರೂ ಶೆಡ್ಡಿಗೆ ಬರುತ್ತೇನೆ ಎಂದು ಹಟ ಹಿಡಿದಳು. ಗೋಡೆಗೆ ದಿಂಬು ಕೊಟ್ಟು ಕೂರಿಸಿದೆವು. ಈಗ ಸಿನಿಮಾ ಆರಿಸುವ ಅಧಿಕಾರ ನನ್ನದು. ಎಂಟು ದಿನ ಬರೀ ಹೊಡೆದಾಡೋ ಪಿಚ್ಚರ್, ದೇವರ ಪಿಚ್ಚರ್. ಕಟ್ಟಲು ಬಂದ ಹೆಂಗಸರು ಗೊಣಗಿದರು. "ಯಾಕ್ ಟೀಚರಮ್ಮ, ನಮ್ಮ ನಗಿಸಿ ಸಾಯ್ಸೋದು ಹಾಕಲ್ವಾ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಉಳಿದವರು ಆಕೆಯನ್ನು ಕಣ್ಣಲ್ಲೇ ತಿವಿದರು. ನನ್ನ ಓರಗಿತ್ತಿಯೇ ಮಾತಾಡಿದಳು.

"ಇವತ್ತು ಮದ್ವೆ ಊಟದ ಪಿಚ್ಚರ್ ಹಾಕಕ್ಕ. ಹಳೇದು. ಬರೀ ಕಾಮಿಡಿ."

ಅದನ್ನು ನಾನು ನೋಡಿರಲಿಲ್ಲ. ಮೊಬೈಲಿನಲ್ಲಿ ಕಂಡ ಪೋಸ್ಟರಿನಲ್ಲಿ ಬಾಳೆಲೆ ಮುಂದೆ ಕೂತ ಹುಡುಗಿಯ ನಗುಮುಖ ಇತ್ತು. ಹಾಕಿದೆ. ಹುಡುಗ ಮದುವೆ ಮನೆಗಳಲ್ಲಿ ವಿಡಿಯೋ ತೆಗೆಯುವವನು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಒಬ್ಬ ಹುಡುಗಿ ಗಬಗಬ ಹೋಳಿಗೆ ತಿನ್ನುತ್ತಿರುವುದು ಅವನ ಕ್ಯಾಮೆರಾಕ್ಕೆ ಸಿಗುತ್ತದೆ. ಮುಂದಿನ ವಾರ ಇನ್ನೊಂದು ಮದುವೆ, ಅಲ್ಲೂ ಅವಳೇ. ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆಯವಳು ಎನ್ನುತ್ತಾಳೆ, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆಯವಳು. ಕರೆಯದ ಮದುವೆಗಳಿಗೆ ಹೋಗಿ ಉಂಡು ಬರುವುದೇ ಅವಳ ಕೆಲಸ. ಅವನು ಹಿಡಿಯಲು ಹೋಗುತ್ತಾನೆ, ಅವಳು ಕೈಗೆ ಪಾಯಸದ ಲೋಟ ಕೊಟ್ಟು ಓಡುತ್ತಾಳೆ. ನಾವೆಲ್ಲ ಎಷ್ಟು ನಕ್ಕೆವೆಂದರೆ ಎರಡು ಕಡ್ಡಿಗಳ ಕಟ್ಟು ಸಡಿಲವಾಗಿ ಬಿಚ್ಚಿಕೊಂಡವು. ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

ಇಂಟರ್‌ವಲ್ ಆಯಿತು. ಹುಡುಗಿ ಒಬ್ಬಳೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಳೆ. ಕೈಯಲ್ಲಿ ಫೈಲು. ತನ್ನ ಮದುವೆಯ ಊಟ ಉಣ್ಣುವಷ್ಟು ದಿನ ತನಗಿಲ್ಲ, ಅದಕ್ಕೇ ಬೇರೆಯವರದ್ದು ಉಣ್ಣುತ್ತೇನೆ ಎಂದು ನರ್ಸ್‌ಗೆ ಹೇಳುತ್ತಾಳೆ.

ನಾನು ಎದ್ದೆ. ತೊಟ್ಟಿಯ ಹತ್ತಿರ ಹೋಗಿ ಹುಣಿಸೆಹಣ್ಣು ಹಾಕಿ ತಿಕ್ಕಿದೆ, ಸೋಪು ಹಾಕಿದೆ, ಸೆರಗಿಗೆ ಒರೆಸಿಕೊಂಡು ಬಂದು ಮೊಬೈಲ್ ನಿಲ್ಲಿಸಿದೆ. "ಚಾರ್ಜಿಲ್ಲ" ಎಂದೆ. ಶೆಡ್ಡಿಗೆ ಮೊಬೈಲು ಬಂದ ಮೂರು ವರ್ಷದಲ್ಲಿ ಯಾರೂ ಲೋಡು ಸೊಪ್ಪು ಅರ್ಧ ಕಟ್ಟಿರುವಾಗ ಕೈ ತೊಳೆದು ಬಂದು ಸಿನಿಮಾ ನಿಲ್ಲಿಸಿದ್ದಿಲ್ಲ. ಗುಟ್ಟು ಕಾಯುವ ಆತುರದಲ್ಲಿ ನಾನು ಅವಳ ಮುಂದೆಯೇ ಡಂಗುರ ಸಾರಿದ್ದೆ, ನನಗೆ ಮಾತ್ರ ಅದು ಕಾಣಲಿಲ್ಲ. ಮತ್ತೆ ಬಂದು ನನ್ನ ಜಾಗದಲ್ಲಿ ಕೂತು ಎಲೆ ಎತ್ತಿಕೊಂಡೆ.

"ಅಕ್ಕ, ನೀನು ನೋಡಿದ್ದೀಯಾ ಇದ್ನ?" ಎಂದಳು.

"ನೋಡಿದ್ದೀನಿ."

"ಕೊನೇಲಿ ಏನಾಯ್ತದೆ? ಏಳು ಮತ್ತೆ. ಅರ್ಧಕ್ಕೆ ಬುಟ್ರೆ ನಿದ್ದೆ ಬರಾಕಿಲ್ಲ ನಂಗೆ."

ನಾನು ಕಥೆ ಕಟ್ಟಿದೆ. ಅಂಗನವಾಡಿಯಲ್ಲಿ ದಿನವೂ ಕಟ್ಟುವವಳಿಗೆ ಏನು ಕಷ್ಟ? ಆ ರಿಪೋರ್ಟು ಅವಳದ್ದಲ್ಲ, ಲ್ಯಾಬಿನಲ್ಲಿ ಅದಲು ಬದಲಾಗಿತ್ತು ಎಂದೆ. ಡಾಕ್ಟರು ಹುಡುಕಿಕೊಂಡು ಬಂದು ಕ್ಷಮೆ ಕೇಳುತ್ತಾರೆ. ಮದುವೆಯಾಗುತ್ತದೆ. ಅವಳು ತನ್ನ ಮದುವೆಯಲ್ಲಿ ಹನ್ನೆರಡು ಹೋಳಿಗೆ ತಿನ್ನುತ್ತಾಳೆ. ಹುಡುಗ ವಿಡಿಯೋ ತೆಗೆಯುತ್ತ ತೆಗೆಯುತ್ತ ತಾಳಿ ಕಟ್ಟುವುದನ್ನೇ ಮರೆಯುತ್ತಾನೆ. ಹೆಂಗಸರು ನಕ್ಕರು. ಸ್ವಲ್ಪ ಜೋರಾಗಿಯೇ ನಕ್ಕರು.

ಅವಳು ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು.

"ಅಂಗಾದ್ರೆ ಆ ರಿಪೋರ್ಟು ಯಾರ್ದಕ್ಕ?"

"ಅಂದ್ರೆ?"

"ಅದ್ಲು ಬದ್ಲಾಯ್ತು ಅಂದ್ಯಲ್ಲ. ಅದು ಯಾರ್ದೋ ಒಬ್ರುದು ಇದ್ದೇ ಇರ್ಬೇಕಲ್ಲ. ಪಾಪ, ಅವ್ರಿಗ್ ಯಾರಾದ್ರೂ ಏಳಿದ್ರಾ?"

ನಾನು ತಲೆ ಎತ್ತಲಿಲ್ಲ. "ಅದ್ನೆಲ್ಲ ತೋರ್ಸಲ್ಲ" ಎಂದೆ.

ಅದಾದ ಮೇಲೂ ಅವಳು ಇನ್ನೊಂದು ಸಲ ಮಾತಿಗೆ ಬಾಗಿಲು ತೆಗೆದು ಕೊಟ್ಟಳು. ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಮಹಾಲಯಕ್ಕೆ ಮೊದಲು ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿಕೊಂಡು ಅವಳ ತಲೆ ಬಾಚುತ್ತಿದ್ದೆ. ಹಿಡಿ ತುಂಬುತ್ತಿದ್ದ ಜಡೆ ಬೆರಳ ಗಾತ್ರಕ್ಕೆ ಬಂದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ.

"ಆ ಪಿಚ್ಚರ್‌ಗಳಲ್ಲಿ ನಂಗೇನಿಷ್ಟ ಗೊತ್ತೇನಕ್ಕ?" ಎಂದಳು. "ಸಾಯೋದಲ್ಲ. ಸಾಯಕ್ಮುಂಚೆ ಒಂದ್ಸಲ ಇಬ್ರೂ ಕೂತ್ಕಂಡು ಅಳ್ತಾರಲ್ಲ, ಅದು. ಒಬ್ರತ್ರ ಇನ್ನೊಬ್ರು ಮುಚ್ಚಿಟ್ಕಂಡು ಸುಸ್ತಾಗಿರ್ತಾರೆ. ಆಮ್ಯಾಕೆ ಒಂದ್ಸಲ..."

"ಸುಮ್ಕಿರಮ್ಮಿ!" ಎಂದೆ. ಮೆಲ್ಲಗಲ್ಲ, ಕಿರುಚಿದೆ. "ಯಾವಾಗ್ಲೂ ಸಾಯೋದು, ಅಳೋದು! ಆ ಹಾಳು ಪಿಚ್ಚರ್ ನೋಡೀ ನೋಡೀ ತಲೆ ಕೆಟ್ಟದೆ ನಿಂಗೆ. ಅಲ್ಸರಿಗೆ ಯಾರಾದ್ರೂ ಸಾಯ್ತಾರಾ?"

ಅವಳ ತಲೆ ನನ್ನ ಕೈಯಲ್ಲೇ ಇತ್ತು. ಮುಖ ಆ ಕಡೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಅವಳೇ ಬಿಡಿಸಿ, ಬೆರಳಿಗೆ ಸುತ್ತಿ ಉಂಡೆ ಮಾಡಿದಳು. "ಇಲ್ಲ ಬುಡಕ್ಕ, ಸಾಯಾಕಿಲ್ಲ" ಎಂದು ನನಗೇ ಸಮಾಧಾನ ಹೇಳಿದಳು. ಆಮೇಲೆ ಎಂದೂ ಆ ಮಾತೆತ್ತಲಿಲ್ಲ. ಸಿನಿಮಾವನ್ನೂ ಕೇಳಲಿಲ್ಲ.

ದಸರಾ ಮುಗಿದ ನಾಲ್ಕನೆಯ ದಿನ ಬೆಳಿಗ್ಗೆ ಹೋದಳು. ಹಿಂದಿನ ದಿನದಿಂದಲೇ ಮಾತಿರಲಿಲ್ಲ. ನಾನು ಕಾಲಿನ ಹತ್ತಿರ ಕೂತಿದ್ದೆ, ಮೈದುನ ತಲೆಯ ಹತ್ತಿರ. ಕೊನೆಯವರೆಗೂ ಅವನು, "ವಾಸಿಯಾಯ್ತದೆ ಕಣೆ, ಡಾಕ್ಟ್ರು ಏಳವ್ರೆ" ಎನ್ನುತ್ತಲೇ ಇದ್ದ. ಹನ್ನೊಂದನೆಯ ದಿನ ತಿಥಿಗೆ ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ ಎಲೆಯ ಮೇಲೆ ಎಡೆ ಇಡುತ್ತಾರೆ. ನಾಟಿ ಕೋಳಿ ಸಾರು, ಮುದ್ದೆ, ಹೋಳಿಗೆ ಎಲ್ಲ ಇಟ್ಟೆವು. ಆ ಕಾಲದಲ್ಲಿ ಸಿಗದ ಹಲಸಿನ ಹಣ್ಣನ್ನು ಮೈದುನ ಎಲ್ಲಿಂದಲೋ ತಂದಿದ್ದ. ನನ್ನ ಮಗಳು ಬಳೆಗಳನ್ನು ತಂದು ಎಲೆಯ ಪಕ್ಕ ಇಟ್ಟಳು. ವಾಸಿಯಾದ ಮೇಲೆ ಎಂದಿದ್ದೆವಲ್ಲ, ಒಂದನ್ನೂ ಬಿಡಲಿಲ್ಲ. ನಾನು ಎಲೆಯ ಮುಂದೆ ಬಿದ್ದು ಅತ್ತೆ. ನನ್ನ ಅತ್ತೆ ನನ್ನನ್ನು ಎತ್ತಿ, "ನೀನು ಅವ್ಳನ್ನ ಮಗು ನೋಡ್ಕಂಡಂಗೆ ನೋಡ್ಕಂಡೆ ಬುಡವ್ವ. ಕೊನೇಗಂಟ ಗೊತ್ತಾಗ್ದಂಗೆ ಕಾಪಾಡ್ದೆ" ಎಂದರು. ಊರಿನವರೂ ಹಾಗೇ ಹೇಳಿದರು. ನನಗೂ ಅದೊಂದೇ ಸಮಾಧಾನವಾಗಿತ್ತು.

ಆ ಸಮಾಧಾನ ಒಂದು ವರ್ಷವೂ ಬಾಳಲಿಲ್ಲ. ಈ ಸಲ ಶ್ರಾವಣದಲ್ಲಿ ಮೊದಲ ಲೋಡು ಕಟ್ಟಲು ಕೂತಾಗ ನಾನೇ ಬಕೆಟ್ ಬೋರಲು ಹಾಕಿ ಆ ಮದುವೆ ಊಟದ ಸಿನಿಮಾ ಹಚ್ಚಿದೆ. ಅರ್ಧಕ್ಕೆ ನಿಲ್ಲಿಸಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೊನೆ ನಿಜವಾಗಿ ಏನೆಂದು ನನಗೂ ಗೊತ್ತಿರಲಿಲ್ಲ. ಈ ಸಲ ಯಾರೂ ನಗಲಿಲ್ಲ. ಕೈಗೆ ಅಂಟು ಮೆತ್ತಿತ್ತು, ಸಿನಿಮಾ ತಾನಾಗಿ ಓಡಿತು. ಹುಡುಗ ಮದುವೆ ಛತ್ರ ಗೊತ್ತುಮಾಡಿ, ಅವಳು ಕರೆಯದೆ ಹೋಗಿದ್ದ ಮದುವೆಗಳವರನ್ನೆಲ್ಲ ತಮ್ಮ ಮದುವೆಗೆ ಕರೆಯುತ್ತಾನೆ. ಮದುವೆಯ ದಿನ ಬೆಳಿಗ್ಗೆಯೇ ಅವಳು ಸಾಯುತ್ತಾಳೆ. ಅವನು ಬಂದವರನ್ನು ಉಣ್ಣದೆ ಕಳಿಸುವುದಿಲ್ಲ. ಎಲ್ಲರ ಮುಂದೆ ಅವಳು ಹೋಳಿಗೆ ತಿನ್ನುವ ವಿಡಿಯೋಗಳನ್ನು ಹಾಕಿ ಪಂಕ್ತಿಯಲ್ಲಿ ತಾನೇ ಬಡಿಸುತ್ತಾನೆ.

ಆ ಹೊತ್ತಿಗೆ ಮೈದುನ ಸೊಪ್ಪಿನ ಹೊರೆ ಹೊತ್ತು ಬಂದ. ಹೊರೆ ಇಳಿಸಿದವನು ಹಾಡು ಕೇಳಿ ಹಾಗೇ ನಿಂತ.

"ಅತ್ಗೆ, ಇದು ಮದ್ವೆ ಊಟದ್ದಲ್ವಾ?"

"ಹೂಂ. ನಿಂಗೆಂಗೆ ಗೊತ್ತು?"

ಅವನು ಎಲೆಯ ರಾಶಿಯ ಪಕ್ಕ ಕುಕ್ಕರಿಸಿದ. "ಮದ್ವೆ ಆದ ವರ್ಸ ಅವ್ಳು ಆಸಾಢಕ್ಕೆ ತೌರಿಗೋಗಿದ್ಲಲ್ಲ. ಒಂದ್ ತಿಂಗ್ಳು ಇಬ್ರೂ ಮೊಕ ನೋಡಂಗಿಲ್ಲ ಅಂತ ಅವ್ವ ಏಳಿತ್ತು. ನಾನು ಹುಣ್ಸೂರಲ್ಲಿ ಕೆಲ್ಸ ಅದೆ ಅಂತೇಳಿ ಕೆ.ಆರ್. ನಗರಕ್ಕೆ ಓದೆ. ಅವ್ಳು ಟೈಲರಿಂಗ್ ಕಲಿಯಕ್ಕೆ ಅಂತೇಳಿ ಬಂದ್ಲು. ಇದೇ ಪಿಚ್ಚರ್ ಅತ್ಗೆ, ಅಲ್ಲಿ ಟಾಕೀಸಲ್ಲಿ. ಆ ಹುಡ್ಗಿ ಸತ್ತಾಗ ಇವ್ಳು ಅತ್ತಿದ್ದು ನೋಡ್ಬೇಕಿತ್ತು! ನನ್ ಸರ್ಟಿನ ತೋಳೆಲ್ಲ ಒದ್ದೆ. ಆಚೆ ಬಂದ್ಮ್ಯಾಲೂ ನಿಲ್ಲಿಸ್ನಿಲ್ಲ. ಊದ್ಕಂಡಿರೋ ಕಣ್ಣಲ್ಲಿ ಮನೆಗೋದ್ರೆ ಏನಾಯ್ತು ಅಂತ ಕೇಳ್ತಾರಲ್ಲ. ಅದ್ಕೇ ಬೈಕಲ್ಲಿ ಚುಂಚನಕಟ್ಟೆಗೆ ಕರ್ಕಂಡೋದೆ. ನೀರು ದುಮ್ಮುಕ್ಕುತಾ ಇತ್ತು. ಸಂಜೇಗಂಟ ಕೂತಿದ್ವಿ. ಕೊನೇಗೆ ನಕ್ಲು. ಯಾರ್ಗೂ ಏಳ್ಬ್ಯಾಡ ಅಂದಿದ್ಲು, ಏಳಿರ್ನಿಲ್ಲ."

ನನ್ನ ಕೈಯ ದಾರ ನಿಂತುಹೋಯಿತು. ಅವಳು ಆ ಸಿನಿಮಾವನ್ನು ಮದುವೆಯಾದ ವರ್ಷವೇ ನೋಡಿದ್ದಳು. ಕೊನೆ ಏನೆಂದು ಗೊತ್ತಿದ್ದೇ ಅದನ್ನು ಆರಿಸಿದ್ದಳು. ಗೊತ್ತಿದ್ದೇ ನನ್ನನ್ನು ಕೇಳಿದ್ದಳು. ನಾನು ಹನ್ನೆರಡು ಹೋಳಿಗೆಯ ಕಥೆ ಹೇಳುತ್ತಿದ್ದಾಗ ಆ ಗೋಡೆಗೆ ಒರಗಿ ಸುಮ್ಮನೆ ಕೇಳಿಸಿಕೊಂಡಿದ್ದಳು. ಚುಂಚನಕಟ್ಟೆಯ ನೀರನ್ನು ಅವನ ಹತ್ತಿರ ಕೇಳದೆ ನನ್ನ ಹತ್ತಿರ ಯಾಕೆ ಕೇಳಿದಳೆಂದೂ ಆಗ ಅರ್ಥವಾಯಿತು. ಅವನನ್ನು ಕೇಳಿದ್ದರೆ ಅವನು ಅವಳ ಮುಂದೆಯೇ ಒಡೆದುಹೋಗುತ್ತಿದ್ದ. ನಾನು ಗಟ್ಟಿಗಿತ್ತಿ ಎಂದು ಅವಳ ನಂಬಿಕೆ.

ಮೈದುನ ಅಂಗೈ ನೋಡಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಕೇಳಿದ. "ಅವ್ಳಿಗೆ ಗೊತ್ತಿತ್ತು ಅಂತ ನಂಗೆ ಆಗಾಗ ಅನ್ನಿಸ್ತಿತ್ತು ಅತ್ಗೆ. ನನ್ನತ್ರ ಒಂದಿನಾನೂ ಬಾಯ್ಬುಡ್ನಿಲ್ಲ. ನಿಮ್ಮತ್ರ ಏಳ್ಕಂಡಿರ್ತಾಳೆ, ಅಕ್ಕ ತಂಗಿ ಕೂತು ಅತ್ತು ಹಗುರಾಗಿರ್ತಾರೆ ಅಂತ ಸಮಾಧಾನ ಮಾಡ್ಕಂಡಿದ್ದೆ. ಏಳ್ಕಂಡಿದ್ಲಲ್ವಾ?"

ಅವನ ಮುಖ ನೋಡಿದೆ. ಹೂಂ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು, ಆ ಸುಳ್ಳಿನಿಂದ ಅವನಾದರೂ ನೆಮ್ಮದಿಯಾಗಿ ಮಲಗುತ್ತಿದ್ದ. ನನಗೆ ಇನ್ನು ಸುಳ್ಳು ಹೇಳಲಾಗಲಿಲ್ಲ.

"ಇಲ್ಲಪ್ಪ" ಎಂದೆ. "ಏಳಕ್ ಬಂದ್ಲು. ನಾನು ಬುಡ್ನಿಲ್ಲ."

ಅವನು ಎದ್ದು ಖಾಲಿ ಗೋಣಿತಾಟನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ. ಬಕೆಟ್ಟಿನ ಮೇಲೆ ಲೈಟ್ ಹಿಡಿದವರ ಹೆಸರುಗಳು ಬರುತ್ತಿದ್ದವು. ಹೆಂಗಸರಲ್ಲಿ ಒಬ್ಬಾಕೆ ಭುಜಕ್ಕೆ ಮುಖ ಒರೆಸಿಕೊಂಡಳು.

ಅವಳು ಒರಗುತ್ತಿದ್ದ ಆ ಗೋಡೆಯ ಮೇಲೆ ಈಗಲೂ ಅವಳ ತಲೆಯೆಣ್ಣೆಯ ಕಲೆ ಇದೆ. ರಿಪೋರ್ಟು ಯಾರದು ಎಂದು ಅವಳು ಕೇಳಿದಾಗ ನಾನು ಏನೂ ಹೇಳಬೇಕಾಗಿರಲಿಲ್ಲ. ತಲೆ ಎತ್ತಿ ಒಂದು ಸಲ ಅವಳ ಕಡೆ ನೋಡಿದ್ದರೆ ಆಗುತ್ತಿತ್ತು. ಉಳಿದದ್ದನ್ನು ಅವಳೇ ಹೇಳುತ್ತಿದ್ದಳು, ಇಬ್ಬರೂ ಅತ್ತು ಮುಗಿಸುತ್ತಿದ್ದೆವು, ಮಾರನೆಯ ದಿನ ಕಾರು ತರಿಸಿ ಚುಂಚನಕಟ್ಟೆಗೆ ಹೋಗುತ್ತಿದ್ದೆವು. ಅವಳು ನನ್ನ ಮುಖವನ್ನೇ ನೋಡುತ್ತ ಕಾದಳು. ನಾನು ತಲೆ ತಗ್ಗಿಸಿ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದೆ.